ಕೂಪನ್ ಬೇಡ ಅಕ್ಕೋರೇ, ರಸೀದಿ ಪುಸ್ತಕ ಅಚ್ಚು ಹಾಕಿಸಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ನಿವೃತ್ತ ಶಿಕ್ಷಕಿ. ಸಿಂಧನೂರಿನಲ್ಲಿ ನಾವು ಕೆಲವರು ಸೇರಿ ವಿಶೇಷ ಮಕ್ಕಳಿಗೆ ಒಂದು ಚಿಕ್ಕ ಶಾಲೆ ನಡೆಸುತ್ತಿದ್ದೇವೆ. ನಾನೇ ಖಜಾಂಚಿ. ಹಳ್ಳಿಗಳಿಂದ ಮಕ್ಕಳನ್ನು ಕರೆತರಲು ವ್ಯಾನ್ ಬೇಕಾಗಿದೆ. ನೂರು ರೂಪಾಯಿಯ 5,000 ಕೂಪನ್ ಮಾರಿ, ಜಾತ್ರೆಯಲ್ಲಿ ಲಕ್ಕಿ ಡ್ರಾ ಇಟ್ಟು, ಮೊದಲ ಬಹುಮಾನಕ್ಕೆ ಬೈಕ್ ಕೊಡೋಣ ಅಂತ ಸಭೆಯಲ್ಲಿ ಮಾತಾಗಿದೆ. ಪ್ರೆಸ್‌ಗೂ ಕೊಟ್ಟಾಗಿದೆ. ಇಂಗ್ಲೆಂಡಿನಲ್ಲಿರುವ ತಂಗಿಯ ಮಗ, ಅಲ್ಲಿ ಸೇವಾ ಸಂಸ್ಥೆಗಳು ಲೈಸೆನ್ಸ್ ಪಡೆದು ಹೀಗೇ ದುಡ್ಡು ಕೂಡಿಸುತ್ತವೆ ಅನ್ನುತ್ತಾನೆ. ನಮಗೆ ಆ ಲೈಸೆನ್ಸ್ ಎಲ್ಲಿ ಸಿಗುತ್ತೆ? ತಹಸೀಲ್ದಾರರ ಹತ್ತಿರವೋ, ಠಾಣೆಯಲ್ಲೋ?

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಪ್ರೆಸ್‌ನವರಿಗೆ ಇವತ್ತೇ ಫೋನ್ ಮಾಡಿ, ಕೂಪನ್ ಅಚ್ಚು ಹಾಕುವುದನ್ನು ನಿಲ್ಲಿಸಿ. ಆಮೇಲೆ ಈ ಉತ್ತರವನ್ನು ನಿಧಾನವಾಗಿ ಓದಿ.

ನೀವು ಕೇಳಿದ ಲೈಸೆನ್ಸ್ ತಹಸೀಲ್ದಾರರ ಕಚೇರಿಯಲ್ಲೂ ಇಲ್ಲ, ಠಾಣೆಯಲ್ಲೂ ಇಲ್ಲ. ಲಾಟರಿ ನಡೆಸುವ ಹಕ್ಕು ನಮ್ಮ ದೇಶದಲ್ಲಿ ಸರ್ಕಾರಗಳದ್ದು. 1998ರ ಲಾಟರಿ ನಿಯಂತ್ರಣ ಕಾಯ್ದೆ ಇರುವುದೇ ರಾಜ್ಯ ಸರ್ಕಾರಗಳು ನಡೆಸುವ ಲಾಟರಿಗಾಗಿ. ಕರ್ನಾಟಕವಂತೂ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಸರ್ಕಾರದ್ದಲ್ಲದ, ಸರ್ಕಾರ ಒಪ್ಪದ ಲಾಟರಿಯ ಡ್ರಾಗೆ ಕಚೇರಿ ಅಥವಾ ಜಾಗ ಇಟ್ಟರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅಂಥ ಡ್ರಾ ಇದೆ ಅಂತ ಪಾಂಪ್ಲೆಟ್ ಹಂಚಿದರೂ 5,000 ರೂಪಾಯಿವರೆಗೆ ದಂಡ. ಉದ್ದೇಶ ಒಳ್ಳೆಯದು ಅಂತ ಕಾನೂನು ಇಲ್ಲಿ ರಿಯಾಯಿತಿ ಕೊಡುವುದಿಲ್ಲ.

ಜಾತ್ರೆಗೆ ಪೊಲೀಸರು ಮೈಕ್ ಪರ್ಮಿಷನ್ ಕೊಡುತ್ತಾರಲ್ಲ, ಬಹಳ ಜನ ಅದನ್ನೇ ಲಕ್ಕಿ ಡ್ರಾಗೂ ಪರ್ಮಿಷನ್ ಅಂದುಕೊಂಡುಬಿಡುತ್ತಾರೆ. ಅದು ಬರೀ ಮೈಕಿಗೆ.

ಮೂರು ಸಂಗತಿ ಸೇರಿದರೆ ಲಾಟರಿ ಅಂತ ಲೆಕ್ಕ. ಜನ ದುಡ್ಡು ಕೊಡಬೇಕು, ಬಹುಮಾನ ಇರಬೇಕು, ಯಾರಿಗೆ ಅನ್ನುವುದನ್ನು ಅದೃಷ್ಟ ತೀರ್ಮಾನಿಸಬೇಕು. ಅದಕ್ಕೆ ಕೂಪನ್ ಅನ್ನಿ, ಲಕ್ಕಿ ಡಿಪ್ ಅನ್ನಿ, ಒಳಗಿರುವುದು ಒಂದೇ. "ದೇಣಿಗೆ ಕೂಪನ್" ಅಂತ ಮೇಲೆ ಬರೆಸಿದರೂ ಅಷ್ಟೇ. ಟಿಕೆಟ್ ಮಾರಿ ಹೌಸಿ ಆಡಿಸುವುದೂ ದುಡ್ಡು ಕಟ್ಟಿ ಅದೃಷ್ಟ ನೋಡುವ ಆಟವೇ. ಆ ಕಡೆಗೂ ಹೋಗಬೇಡಿ.

ಇನ್ನು ನಿಮ್ಮ ತಂಗಿಯ ಮಗ ಹೇಳಿದ್ದು. ಅವನು ಸುಳ್ಳು ಹೇಳಿಲ್ಲ. ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆಯಲ್ಲಿ ಸೇವಾ ಸಂಸ್ಥೆಗಳಿಗಂತಲೇ ಒಂದು ದಾರಿ ಇಟ್ಟಿದ್ದಾರೆ. ಸಣ್ಣ ಸಂಸ್ಥೆ ತನ್ನ ಊರಿನ ಸ್ಥಳೀಯ ಆಡಳಿತದಲ್ಲಿ ಹೆಸರು ನೋಂದಾಯಿಸಬೇಕು. ಮೊದಲ ವರ್ಷ 40 ಪೌಂಡ್ ಶುಲ್ಕ, ಆಮೇಲೆ ವರ್ಷಕ್ಕೆ 20. ಒಂದು ಡ್ರಾಗೆ 20,000 ಪೌಂಡ್‌ಗಿಂತ ಜಾಸ್ತಿ ಟಿಕೆಟ್ ಮಾರುವ ಹಾಗಿಲ್ಲ. ಬಂದ ಹಣದಲ್ಲಿ ಕಡಿಮೆ ಅಂದರೂ ನೂರಕ್ಕೆ 20 ಸೇವೆಗೇ ಹೋಗಬೇಕು. ಡ್ರಾ ಆದ ಮೂರು ತಿಂಗಳೊಳಗೆ ಎಷ್ಟು ಬಂತು, ಬಹುಮಾನಕ್ಕೆ ಎಷ್ಟು, ಖರ್ಚು ಎಷ್ಟು, ಸೇವೆಗೆ ಎಷ್ಟು ಅಂತ ಲೆಕ್ಕ ಒಪ್ಪಿಸಬೇಕು. ಆದರೆ ಇದು ಅಲ್ಲಿನ ಕಾನೂನು. ಸಿಂಧನೂರಿನಲ್ಲಿ ನಡೆಯುವುದಿಲ್ಲ.

ಪಕ್ಕದ ಕೇರಳದಲ್ಲಿ 1967ರಿಂದ ಲಾಟರಿ ಇದೆ, ನಿಜ. ಬಡವರ ಚಿಕಿತ್ಸೆಗೆ ಹಣ ಕೂಡಿಸಲು "ಕಾರುಣ್ಯ" ಲಾಟರಿಯನ್ನೂ ತಂದರು. ಅದನ್ನು ನಡೆಸುವುದು ಸರ್ಕಾರ. ಅಲ್ಲಿನ ಟಿಕೆಟ್ ತಂದು ಇಲ್ಲಿ ಮಾರುವುದೂ ತಪ್ಪೇ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿಸಿ ಆಡಿಸೋಣ ಅಂತ ಯಾರಾದರೂ ಹುಡುಗರು ಐಡಿಯಾ ಕೊಟ್ಟರೆ ಕೇಳಲೇಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ.

ಕಾನೂನಿನ ಮಾತು ಇಷ್ಟು. ಆದರೆ ನಾನು ಕೂಪನ್ ಬೇಡ ಅನ್ನುವುದು ಕಾನೂನಿಗೆ ಹೆದರಿ ಮಾತ್ರ ಅಲ್ಲ.

ನಾನು ಕಾಲೇಜು ಮುಗಿಸಿದ ಹೊಸದರಲ್ಲಿ ನಮ್ಮ ಓಣಿಯ ಹುಡುಗರೆಲ್ಲ ಸೇರಿ ಲೈಬ್ರರಿ ಮಾಡಬೇಕು ಅಂತ ಹೀಗೇ ಕೂಪನ್ ಮಾರಿದೆವು. ಕಾನೂನು ಗೊತ್ತಿರಲಿಲ್ಲ, ಕೇಳುವ ಬುದ್ಧಿಯೂ ಇರಲಿಲ್ಲ. ಸ್ಟೀಲ್ ಕೊಡದಲ್ಲಿ ಚೀಟಿ ಹಾಕಿ, ಒಂದು ಪುಟ್ಟ ಹುಡುಗಿಯ ಕೈಯಲ್ಲಿ ಎತ್ತಿಸಿದೆವು. ಮೊದಲ ಬಹುಮಾನದ ನಂಬರು ನಮ್ಮ ಸಂಘದವನೊಬ್ಬ ಮಾರದೆ ಮನೆಯಲ್ಲೇ ಇಟ್ಟುಕೊಂಡಿದ್ದ ಪುಸ್ತಕದ್ದು! ಮತ್ತೆ ಎತ್ತಿಸಿದೆವು. ಜನ ಗುಜುಗುಜು ಶುರು ಮಾಡಿದರು. ಎಲ್ಲ ಮುಗಿದ ಮೇಲೆ ಗಂಜ್‌ನ ಹಮಾಲರೊಬ್ಬರು ವೇದಿಕೆ ಹತ್ತಿರ ಬಂದರು. ಹತ್ತು ಕೂಪನ್ ಕೊಂಡಿದ್ದರು. ಒಂದೊಂದನ್ನೇ ವೇದಿಕೆಯ ಅಂಚಿಗೆ ಜೋಡಿಸಿಟ್ಟು, "ಇದರಾಗ ಒಂದೂ ಇಲ್ಲೇನ್ರೀ?" ಅಂದರು. ಇಲ್ಲ ಅಂದೆ. ಹತ್ತನ್ನೂ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಅವರಿಗೆ ಲೈಬ್ರರಿ ವಿಷಯ ನಾವು ಯಾರೂ ಹೇಳಿಯೇ ಇರಲಿಲ್ಲ. ಸ್ಕೂಟರ್ ಸಿಗುತ್ತೆ ಅಂತ ಮಾತ್ರ ಹೇಳಿದ್ದೆವು.

ಆ ಹತ್ತು ಚೀಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ. ಮಟ್ಕಾ, ಓಸಿ, ಅಂದರ್ ಬಾಹರ್ ಎಷ್ಟು ಮನೆ ಹಾಳು ಮಾಡಿವೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಂಥ ಮನೆಯ ಮಕ್ಕಳಿಗೆ ನೀವೇ ಪಾಠ ಹೇಳಿದ್ದೀರಿ. ಅದೂ ಸಾಲದು ಅಂತ ಪತ್ರದ ಕೊನೆಯಲ್ಲಿ ಶಾಲೆಯ ಮಕ್ಕಳ ಕೈಯಲ್ಲಿ ಕೂಪನ್ ಮಾರಿಸುವ ಯೋಚನೆ ಇದೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಅದು ಮಾತ್ರ ಬೇಡ.

ಹಾಗಾದರೆ ವ್ಯಾನ್ ಹೇಗೆ? ಜನ ಬೈಕ್ ಆಸೆಗೆ ಮಾತ್ರ ಕೊಡುತ್ತಾರೆ ಅನ್ನುವುದೇ ನಮ್ಮ ತಪ್ಪು ಲೆಕ್ಕ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಲ್ಲ. ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಜೋಳದ ರೊಟ್ಟಿ ಬರುತ್ತೆ. ಅಲ್ಲಿ ಯಾರಿಗೂ ಕೂಪನ್ ಇಲ್ಲ. 2019ರಲ್ಲಿ ಹಿರೇಹಳ್ಳದ ಹೂಳು ತೆಗೆಯಲು ಗವಿಮಠದ ಸ್ವಾಮೀಜಿ ಮುಂದೆ ನಿಂತಾಗಲೂ ಜನ ಕೈ ಜೋಡಿಸಿದರು. ಕೆಲಸ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ.

ಜಾತ್ರೆಯ ಕಳೆ ಬೇಕು ಅಂದರೆ ಸವಾಲು, ಅಂದರೆ ಹರಾಜು, ಇಡಿ. ಹರಾಜಿನಲ್ಲಿ ಅದೃಷ್ಟದ ಮಾತೇ ಇಲ್ಲ, ಜಾಸ್ತಿ ಕೂಗಿದವರಿಗೆ ವಸ್ತು. ಮಾನ್ವಿ ಕಡೆಯ ಒಂದು ಊರಿನಲ್ಲಿ ಗಣಪತಿ ಕಳಿಸುವ ರಾತ್ರಿ ನೋಡಿದ್ದೇನೆ. ಒಂದು ತೆಂಗಿನಕಾಯಿ, ಒಂದು ಟವೆಲ್. ಕೂಗುವವರು "ಒಂದನೇ ಸಾರಿ, ಎರಡನೇ ಸಾರಿ" ಅಂತ ಎಳೆದು ಎಳೆದು ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಕೂಗು. ಪಕ್ಕದಲ್ಲಿ ಒಬ್ಬ ಹುಡುಗ ಕರಿಹಲಗೆ ಮೇಲೆ ಹೆಸರು, ಮೊತ್ತ ಎರಡನ್ನೂ ಬರೆಯುತ್ತಿದ್ದ. ಅಲ್ಲೇ ಎಲ್ಲರೆದುರು ಲೆಕ್ಕ. ನಿಮ್ಮ ಮಕ್ಕಳು ಮಾಡಿದ ಚಿತ್ರ, ಮಣಿಹಾರ, ಕೌದಿ ಇದ್ದರೆ ಅವನ್ನೇ ಸವಾಲಿಗೆ ಇಡಿ.

ಆಟವೇ ಬೇಕು ಅನ್ನುವವರಿದ್ದರೆ ಮೈದಾನದಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯ ಇಡಿ. ತಂಡಗಳಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು, ಗೆದ್ದವರಿಗೆ ಕಪ್ ಕೊಡಬಹುದು. ಕೌಶಲದ ಸ್ಪರ್ಧೆ ಜೂಜಲ್ಲ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ನಮ್ಮ 1963ರ ಪೊಲೀಸ್ ಕಾಯ್ದೆಯ 176ನೇ ಕಲಮಿನಲ್ಲೂ ಕೌಶಲದ ಆಟಕ್ಕೆ ವಿನಾಯಿತಿ ಇದೆ. ಆದರೆ ನೋಡುವವರು ಗೆಲುವಿನ ಮೇಲೆ ದುಡ್ಡು ಕಟ್ಟಲು ಶುರು ಮಾಡಿದರೆ ಅದು ಬೇರೆಯೇ ಆಗುತ್ತೆ. ಅಂಥವರನ್ನು ಮೈದಾನದಿಂದ ಆಚೆ ಕಳಿಸಿ.

ಉಳಿದಂತೆ ನೇರವಾಗಿ ಕೇಳಿ. ನಿಮ್ಮ ಸಂಸ್ಥೆಗೆ, ಜನ 80ಜಿ ಅನ್ನುವ ತೆರಿಗೆ ರಿಯಾಯಿತಿಯ ಮಾನ್ಯತೆ ಇದೆಯಾ ನೋಡಿ. ಇದ್ದರೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗಬಹುದು, ರೈಸ್ ಮಿಲ್‌ನವರಿಗೆ ಅದು ದೊಡ್ಡ ಅನುಕೂಲ. ನಗದಾದರೆ 2,000 ರೂಪಾಯಿವರೆಗೆ ಮಾತ್ರ, ಅದಕ್ಕಿಂತ ಜಾಸ್ತಿ ಇದ್ದರೆ ಚೆಕ್ ಅಥವಾ ಬ್ಯಾಂಕ್ ಮೂಲಕ ಪಡೆಯಿರಿ. ಕೂಪನ್ ಕೊಂಡವರಿಗೆ ಈ ರಿಯಾಯಿತಿ ಇಲ್ಲ, ಅದು ದಾನವಲ್ಲ. ಹೆಸರಿಲ್ಲದ ಹಣ ತೆಗೆದುಕೊಳ್ಳಬೇಡಿ. ಅಂಥ ದೇಣಿಗೆ ಒಂದು ಮಿತಿ ದಾಟಿದರೆ ನೂರಕ್ಕೆ 30 ತೆರಿಗೆ ಬೀಳುತ್ತೆ. ಹತ್ತು ರೂಪಾಯಿ ಕೊಟ್ಟರೂ ಹೆಸರು, ಊರು ಬರೆದುಕೊಂಡು ರಸೀದಿ ಹರಿದು ಕೊಡಿ. ಇಷ್ಟಕ್ಕೂ ನಿಮ್ಮ ಲೆಕ್ಕ ನೀವೇ ಮಾಡಿ ನೋಡಿ. 5 ಲಕ್ಷದಲ್ಲಿ ಬೈಕು, ಉಳಿದ ಬಹುಮಾನ, ಅಚ್ಚು, ಪೆಂಡಾಲು, ಮೈಕು ಕಳೆದರೆ ವ್ಯಾನಿಗೆ ಉಳಿಯುವುದೆಷ್ಟು? ಗೆದ್ದವರ ಬೈಕಿಗೂ ನೂರಕ್ಕೆ 30ರಂತೆ ತೆರಿಗೆ ಕಟ್ಟಿಸಿಯೇ ಕೀಲಿ ಕೊಡಬೇಕಿತ್ತು.

ಇಂಗ್ಲೆಂಡಿನವರಿಂದ ಒಂದನ್ನು ಮಾತ್ರ ತೆಗೆದುಕೊಳ್ಳಿ, ಆ ಮೂರು ತಿಂಗಳ ಲೆಕ್ಕ. ವ್ಯಾನ್ ಬಂದರೂ ಬರದಿದ್ದರೂ ಮೂರು ತಿಂಗಳಿಗೆ ಜಮಾ-ಖರ್ಚು ಬರೆದು ಶಾಲೆಯ ಬಾಗಿಲಿಗೆ ಅಂಟಿಸಿ. ಒಂದು ಪ್ರತಿ ನಮಗೂ ಕಳಿಸಿ. ಮಕ್ಕಳು ಈಗ ಹೇಗೆ ಬರುತ್ತಿದ್ದಾರೆ, ಯಾವ ಊರಿನಿಂದ ಎಷ್ಟು ದೂರ, ಯಾರು ಹೊತ್ತು ತರುತ್ತಾರೆ ಅಂತ ಒಂದು ಪುಟ ಬರೆದು ಜೊತೆಗಿಡಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ನಮ್ಮ ಕಚೇರಿಯ ಮೊದಲ ದೇಣಿಗೆಯನ್ನು ಚೆಕ್‌ನಲ್ಲೇ ಕಳಿಸುತ್ತೇವೆ, ರಸೀದಿ ನಂಬರ್ ಒಂದು ನಮಗಿರಲಿ.