ಆ ಸುರಂಗ ಆಗಬಾರದಿತ್ತು ಅಂದ ರಾಧಾ

ನಾನು ಆಪ್ತಸಮಾಲೋಚಕಿ. ಕಳೆದ ಮೂರ್ನಾಲ್ಕು ವರ್ಷಗಳಿಂದ ಒಂದೇ ಮಾತು ಹಿಡಿದುಕೊಂಡು ನನ್ನ ಹತ್ತಿರ ಬರುವವರು ಜಾಸ್ತಿಯಾಗಿದ್ದಾರೆ. "ಬೆಂಗಳೂರು ಸಾಕಾಯ್ತು ಮೇಡಂ, ಹಿಮ ಬೀಳೋ ಯಾವುದಾದ್ರೂ ಸಣ್ಣ ಊರಲ್ಲಿ ಇದ್ದುಬಿಡ್ತೀನಿ." ಒಬ್ಬರಿಗೆ ಮುನ್ಸಿಯಾರಿ, ಇನ್ನೊಬ್ಬರಿಗೆ ಸ್ಪಿತಿ, ಮತ್ತೊಬ್ಬರಿಗೆ ತವಾಂಗ್. ಮನೆಯವರು ತಲೆ ಕೆಟ್ಟಿದೆ ಅಂತಾರೆ. ಗೆಳೆಯರು ಹೋಗು, ಇರೋದೊಂದೇ ಜೀವನ ಅಂತಾರೆ. ಅಲ್ಲಿ ನಿನಗೆ ಸಿಗೋದು ಏನು ಅಂತ ಇಬ್ಬರೂ ಕೇಳುವುದಿಲ್ಲ. ಈ ಪ್ರಕರಣದಲ್ಲಿ ನಾನೂ ಮೊದಲು ಕೇಳಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ರಾಧಾ ಅಂತ ಕರೆಯೋಣ. ಹೆಸರು, ಕೆಲಸ, ಗುರುತು ಸಿಗುವ ವಿವರ ಎಲ್ಲಾ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಓದಿ ಎರಡು ವಾಕ್ಯ ತೆಗೆಸಿಯೂ ಇದ್ದಾರೆ. ನಲವತ್ತು ದಾಟಿದ ವಯಸ್ಸು, ಮದುವೆಯಾಗಿಲ್ಲ, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಕೆಳಗಿನ ಮನೆಯಲ್ಲಿ ಅಮ್ಮ ಮತ್ತು ಇವರು, ಮಹಡಿಯಲ್ಲಿ ಅಣ್ಣನ ಸಂಸಾರ. ಇಷ್ಟು ಸಾಕು.

ಮೊದಲ ಭೇಟಿಗೆ ಬರುವಾಗಲೇ ಒಂದು ನೋಟ್‌ಬುಕ್ ತಂದಿದ್ದರು. ಊರು ಕೇಲಾಂಗ್. ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಮುಖ್ಯ ಊರು, ಭಾಗಾ ನದಿಯ ಮೇಲಿನ ಇಳಿಜಾರಿನಲ್ಲಿ, ಸುಮಾರು 3,080 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು 920 ಮೀಟರ್ ಆಸುಪಾಸು. ಒಂದು ಸಲ ಜೂನ್‌ನಲ್ಲಿ ಆಫೀಸಿನವರ ಜೊತೆ ಹೋಗಿ ಎರಡು ರಾತ್ರಿ ಇದ್ದು ಬಂದಿದ್ದರು, ಅಷ್ಟೇ. ಆಮೇಲೆ ಬರೆದುಕೊಳ್ಳುತ್ತಾ ಹೋಗಿದ್ದಾರೆ. ಬಾಡಿಗೆ ಎಷ್ಟು, ಸೌದೆ ಎಷ್ಟು ಬೇಕು, ಬಸ್ಸು ಎಷ್ಟು ಹೊತ್ತಿಗೆ. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ 31,564. ಅದರ ಪಕ್ಕದಲ್ಲಿ "ಒಂದು ಚದರ ಕಿಲೋಮೀಟರಿಗೆ ಇಬ್ಬರು" ಅಂತ ಬರೆದು, ಆ 'ಇಬ್ಬರು' ಅನ್ನುವ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಗೆರೆಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಅಲ್ಲೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಮೊದಲ ಮೂರು ಭೇಟಿಗಳಲ್ಲಿ ನಾನು ಲೆಕ್ಕ ಕೇಳಿದೆ. ಉಳಿತಾಯ ಎಷ್ಟಿದೆ, ಅಮ್ಮನ ಔಷಧಿ ಯಾರು ನೋಡಿಕೊಳ್ತಾರೆ, ಅಲ್ಲಿ ಕೆಲಸ ಏನು. ಒಂದು ಉಪಯೋಗವಂತೂ ಆಯಿತು. ಯಾರೋ ದಲ್ಲಾಳಿ ಅಲ್ಲಿ ಸಣ್ಣ ಜಾಗ ಕೊಡಿಸುತ್ತೇನೆ ಅಂತ ಮುಂಗಡ ಕೇಳಿದ್ದ. ಮೊದಲು ವಕೀಲರನ್ನು ಕೇಳಿ ಅಂದೆ. ಹಿಮಾಚಲದಲ್ಲಿ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಕಲಂ ಇದೆ. ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವ ಹಾಗಿಲ್ಲ. ಕರ್ನಾಟಕದಲ್ಲಿ ನಿಮ್ಮ ಹೆಸರಿಗೆ ಪಹಣಿ ಇದೆ ಅಂದರೆ ಅಲ್ಲಿ ನಡೆಯಲ್ಲ. ದುಡ್ಡು ಉಳಿಯಿತು. ಆದರೆ ಮೂರು ವಾರ ನಾನು ಅವರ ಜೊತೆ ಮಾತಾಡಿದ್ದು ಅವರ ಅಣ್ಣ ಮಾತಾಡುವ ಧಾಟಿಯಲ್ಲೇ. ಪ್ರತಿ ಪ್ರಶ್ನೆಗೂ ನೋಟ್‌ಬುಕ್‌ನಿಂದ ಉತ್ತರ ಬರುತ್ತಿತ್ತು, ಮುಖದಲ್ಲಿ ಏನೂ ಬರುತ್ತಿರಲಿಲ್ಲ.

ನಾಲ್ಕನೇ ಭೇಟಿ. ಮಧ್ಯಾಹ್ನ, ಹೊರಗೆ ಮಳೆ. ಅವರ ಫೋನು ಮೇಜಿನ ಮೇಲೆ ಬೋರಲು ಬಿದ್ದಿತ್ತು, ಸದ್ದು ಮಾತ್ರ ಆಫ್ ಮಾಡಿದ್ದರು. ಅದು ಗುರ್ ಅಂದಾಗಲೆಲ್ಲಾ ಪಕ್ಕದಲ್ಲಿದ್ದ ಸ್ಟೀಲ್ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಅರ್ಧ ಗಂಟೆಯಲ್ಲಿ ಐದು ಸಲ. ಪ್ರತಿ ಸಲವೂ ಮಾತು ನಿಲ್ಲಿಸುತ್ತಿದ್ದರು, ಫೋನ್ ತೆಗೆಯುತ್ತಿರಲಿಲ್ಲ, ಆದರೆ ನೀರು ಅಲುಗುವುದು ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದರು.

ನಾನು ಸುಮ್ನೆ ಮಾತಿಗೆ ಅಂತ, ಈಗ ಅಟಲ್ ಸುರಂಗ ಆಗಿದೆಯಲ್ಲ, ಮೊದಲಿನಷ್ಟು ಕಷ್ಟ ಇರಲಿಕ್ಕಿಲ್ಲ ಅಲ್ವಾ ಅಂದೆ. ಅವರು ಥಟ್ಟನೆ ಹೇಳಿದರು:

"ಆ ಸುರಂಗ ಆಗಬಾರದಿತ್ತು ಮೇಡಂ."

ಹಿನ್ನೆಲೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನಾಲಿಯಿಂದ ಲಾಹೌಲ್‌ಗೆ ಹೋಗಲು ಮೊದಲು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ದಾಟಬೇಕಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಅದು ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. ಕಾಯಿಲೆ ಬಿದ್ದವರನ್ನು ಕೆಳಗೆ ಸಾಗಿಸಲು ಹೆಲಿಕಾಪ್ಟರ್ ಬರಬೇಕು, ಅದು ಬರಲು ಮೋಡ ಸರಿಯಬೇಕು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಸುರಂಗ ತೆರೆಯಿತು. ಆ ಕಣಿವೆಯ ಜನ ಎಷ್ಟೋ ವರ್ಷ ಕಾದಿದ್ದ ದಾರಿ ಅದು. ಅದೇ ಆಗಬಾರದಿತ್ತು ಅನ್ನುತ್ತಿದ್ದಾರೆ ಅಲ್ಲಿಗೆ ಹೋಗಿ ಬದುಕಬೇಕು ಅನ್ನುವ ಹೆಣ್ಣುಮಗಳು.

ಯಾಕೆ ಅಂತ ಕೇಳಿದೆ.

"ಮೊದಲಾಗಿದ್ರೆ ನವೆಂಬರ್‌ನಲ್ಲಿ ಒಳಗೆ ಹೋದ್ರೆ ಏಪ್ರಿಲ್ಲೋ ಮೇನೋ ಆಗೋವರೆಗೂ ಯಾರೂ ಬರೋಕಾಗ್ತಿರಲಿಲ್ಲ. ನಾನೂ ಬರೋಕಾಗ್ತಿರಲಿಲ್ಲ. ಅಣ್ಣ ಕರೆದ್ರೂ ರಸ್ತೆ ಇಲ್ಲ ಅಣ್ಣ ಅನ್ನಬಹುದಿತ್ತು. ಅದು ನನ್ನ ತಪ್ಪಾಗ್ತಿರಲಿಲ್ಲ."

ಇಷ್ಟು ಹೇಳಿ ಅತ್ತರು. ನಾಲ್ಕು ವಾರದಲ್ಲಿ ಮೊದಲ ಸಲ.

ಯಾರಿಗೂ ಸಿಗದ ಹಾಗೆ ಇರಬೇಕು ಅನ್ನುವ ಮಾತು ಬಂದಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕು, ಮುಜುಗರ ಪಡಬಾರದು. "ಸಾಯಬೇಕು ಅಂತ ಅನ್ನಿಸುತ್ತಾ ರಾಧಾ?" ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿ ಆಗುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಸಾಯೋದಲ್ಲ ಮೇಡಂ. ಕೇಳೋರು ಯಾರೂ ಇರಬಾರದು ಅಷ್ಟೇ" ಅಂದರು. ಆದರೂ ಟೆಲಿ-ಮಾನಸ್ ಸಹಾಯವಾಣಿಯ 14416 ನಂಬರನ್ನು ಆ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆಸಿದೆ. ಕನ್ನಡದಲ್ಲೂ ಮಾತಾಡುತ್ತಾರೆ, ರಾತ್ರಿ ಎಷ್ಟೊತ್ತಾದರೂ. ಒಬ್ಬ ಮನೋವೈದ್ಯರ ಹತ್ತಿರವೂ ಒಂದು ಸಲ ಕಳಿಸಿದೆ.

ಕೇಳುವವರು ಯಾರು ಅಂತ ಪಟ್ಟಿ ಮಾಡಿದೆವು. ಅಣ್ಣನ ಮಗನ ಕಾಲೇಜು ಫೀಸು. ಅತ್ತಿಗೆಯ ತವರಿನ ಮದುವೆಗೆ ಕೈಸಾಲ. ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು "ನಿನಗೇನಮ್ಮ, ಗಂಡ ಮಕ್ಕಳ ತಾಪತ್ರಯ ಇಲ್ಲ". ಆಫೀಸಿನಲ್ಲಿ ಮಾರ್ಚ್ ತಿಂಗಳ ಭಾನುವಾರಗಳು, ಅದೇ ಕಾರಣಕ್ಕೆ. ಇಪ್ಪತ್ತು ವರ್ಷದಲ್ಲಿ ಯಾರಿಗಾದರೂ ಆಗಲ್ಲ ಅಂದಿದ್ದೀರಾ ಅಂದರೆ, ನೆನಪಿಸಿಕೊಳ್ಳಲು ಪ್ರಯತ್ನಪಟ್ಟು, ಕೊನೆಗೆ ಒಬ್ಬ ಸೋಫಾ ಮಾರುವವನ ಹೆಸರು ಹೇಳಿದರು.

ಅಲ್ಲಿಂದ ನನ್ನ ಸಲಹೆ ಬದಲಾಯಿತು. ಕೆಲಸ ಬಿಡಬೇಡಿ, ಒಂದು ತಿಂಗಳು ರಜೆ ಕೇಳಿ. ಹೋಗುವುದಾದರೆ ಜೂನ್‌ನಲ್ಲಿ ಬೇಡ, ಜನವರಿ ಕೊನೆಗೆ ಹೋಗಿ. ಮತ್ತು ಹೋಗುವ ಮೊದಲು ಎರಡು ತಿಂಗಳು ಇಲ್ಲೇ, ಬಸ್ಸು ಓಡುವ ಈ ಊರಿನಲ್ಲೇ, ವಾರಕ್ಕೊಂದು ಸಲ "ಆಗಲ್ಲ" ಅನ್ನಬೇಕು. ಕಾರಣ ಕೊಡದೆ.

ಇದನ್ನು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ನಾನು ಅಣ್ಣ, ಅವರು ಅವರೇ. "ಈ ಸಲ ಆಗಲ್ಲ ಅಣ್ಣ" ಅನ್ನಬೇಕು, ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸಲು ಅವರಿಗೆ ಆಗುತ್ತಲೇ ಇರಲಿಲ್ಲ. "ಈ ಸಲ ಆಗಲ್ಲ ಅಣ್ಣ, ಯಾಕಂದ್ರೆ ಗಾಡಿ ಸರ್ವಿಸ್‌ಗೆ ಕೊಟ್ಟಿದ್ದೀನಿ, ಅದೂ ಅಲ್ದೆ ಎಫ್‌ಡಿ ಮುರಿಸಿದ್ರೆ ಬಡ್ಡಿ ಹೋಗುತ್ತೆ, ಬೇಕಿದ್ರೆ ಮುಂದಿನ ತಿಂಗಳು ನೋಡೋಣ, ಇಲ್ಲಾ ಅರ್ಧ ಕೊಡ್ಲಾ?" ಅಂತ ಒಂದೇ ಉಸಿರಿಗೆ ಹೇಳಿ, ಕೊನೆಗೆ ತಾವೇ ಅರ್ಧ ದುಡ್ಡು ಕೊಟ್ಟುಬಿಡುತ್ತಿದ್ದರು. ಮತ್ತೆ ಮೊದಲಿನಿಂದ. ಒಂಬತ್ತನೆಯದೋ ಹತ್ತನೆಯದೋ ಸಲಕ್ಕೆ "ಆಗಲ್ಲ ಅಣ್ಣ" ಅಂದು ತುಟಿ ಕಚ್ಚಿಕೊಂಡು ಕೂತರು. ಅರ್ಧ ನಿಮಿಷ ಹಾಗೇ ಕೂತೆವು. ಅವರ ಕೈ ಸಣ್ಣಗೆ ನಡುಗುತ್ತಿತ್ತು.

ಮನೆಯಲ್ಲಿ ಮೊದಲ "ಆಗಲ್ಲ" ಬಿದ್ದ ವಾರವೇ ಅವರ ಅಣ್ಣ ನನಗೆ ಫೋನ್ ಮಾಡಿದರು. ನನ್ನ ತಂಗಿಯ ತಲೆ ಕೆಡಿಸುತ್ತಿರುವುದು ನೀವೇ ಅಂತೆ, ಅಂದರು. ನನ್ನ ಹತ್ತಿರ ಯಾರು ಬರುತ್ತಾರೆ, ಬರುವುದಿಲ್ಲ ಅಂತ ಕೂಡ ನಾನು ಹೇಳುವಂತಿಲ್ಲ, ಅಷ್ಟನ್ನೇ ಹೇಳಿದೆ. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬರು ಬೇರೆ ಥರ ಆಕ್ಷೇಪಿಸಿದರು. ಇದು ಪಲಾಯನ ಅಂತ ನಿನಗೇ ಗೊತ್ತಿದೆ, ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳುವುದು ಬಿಟ್ಟು ಹಿಮದಲ್ಲಿ ಒಂದು ತಿಂಗಳು ಇದ್ದು ಬನ್ನಿ ಅಂತೀಯಲ್ಲ, ಅಂದರು.

ಇದಕ್ಕೆ ನನ್ನ ಉತ್ತರ ಆಗಲೂ ಇದೇ, ಈಗಲೂ ಇದೇ. ಇಪ್ಪತ್ತು ವರ್ಷ ಎಲ್ಲರ ಮಾತಿಗೂ ಹೂಂ ಅಂದವರಿಗೆ ನಾನು "ಬೇಡ" ಅಂದರೆ ಅವರು ಅದಕ್ಕೂ ಹೂಂ ಅನ್ನುತ್ತಾರೆ. ಆಗ ನಾನು ಆ ಪಟ್ಟಿಯಲ್ಲಿ ಇನ್ನೊಂದು ಹೆಸರು ಆಗುತ್ತೇನೆ, ಅಷ್ಟೇ. ಆಸೆಯೇ ತಪ್ಪು ಅಂತ ನನಗೆ ಅನ್ನಿಸುವುದೂ ಇಲ್ಲ. ಗುಡ್ಡದ ಊರಲ್ಲಿ ಚೆನ್ನಾಗಿ ಬದುಕುತ್ತಿರುವ ಬಯಲುಸೀಮೆಯವರು ಇದ್ದಾರೆ. ಆದರೆ ಜೂನ್‌ನ ಊರೇ ಬೇರೆ, ಫೆಬ್ರವರಿಯ ಊರೇ ಬೇರೆ. ಹಿಮದ ಊರು ಅಂದರೆ ಒಬ್ಬರೇ ಕಿಟಕಿ ಪಕ್ಕ ಕೂತು ಚಹಾ ಕುಡಿಯುವುದು ಅಂತ ನಾವು ಇಲ್ಲಿ ಕೂತು ಅಂದುಕೊಳ್ಳುತ್ತೇವೆ. ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಇಳಿಯುವ ಕಡೆ ಮನೆಯ ಎಲ್ಲಾ ಕೋಣೆ ಬಿಸಿ ಮಾಡಲು ಯಾರಿಗೂ ಆಗುವುದಿಲ್ಲ. ಒಂದು ಕೋಣೆಯಲ್ಲಿ ಕಬ್ಬಿಣದ ಒಲೆ, ಅದಕ್ಕೆ ಅಲ್ಲಿ ತಂದೂರ್ ಅನ್ನುತ್ತಾರೆ, ಅದರ ಸುತ್ತ ಇಡೀ ಸಂಸಾರ. ಪೈಪಿನ ನೀರು ಹೆಪ್ಪುಗಟ್ಟಿದರೆ ಪಕ್ಕದ ಮನೆಯವರು ಬೇಕು, ಮಾಡಿನ ಮೇಲಿನ ಹಿಮ ತೆಗೆಯಲೂ ಅವರೇ ಬೇಕು. ಅಲ್ಲಿನವರೇ ಎಷ್ಟೋ ಜನ ಚಳಿಗಾಲಕ್ಕೆ ಕುಲ್ಲು ಕಡೆ ಇಳಿದುಹೋಗುತ್ತಾರೆ. ಕೇಳುವವರೇ ಇಲ್ಲದ ಜಾಗ ಹುಡುಕಿಕೊಂಡು ಹೋಗುವವರಿಗೆ ಇದನ್ನು ನಾನು ಬಾಯಲ್ಲಿ ಹೇಳಿದರೆ ಅದೂ ನೋಟ್‌ಬುಕ್‌ಗೆ ಹೋಗುತ್ತಿತ್ತು. ಇದ್ದು ನೋಡಲಿ ಅಂದುಕೊಂಡೆ.

ಸುಮ್ಮನೆ ಕಳಿಸಲಿಲ್ಲ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಬರಬಹುದು, ಹಾಗಾಗಿ ವೈದ್ಯರ ತಪಾಸಣೆ ಆಯಿತು. ಮನಾಲಿಯಲ್ಲಿ ಎರಡು ರಾತ್ರಿ ಇದ್ದು ಮುಂದೆ ಹೋಗಬೇಕು, ತಲೆನೋವು ಜಾಸ್ತಿಯಾದರೆ, ಉಸಿರು ಕಟ್ಟಿದರೆ ಇನ್ನೊಂದು ದಿನ ನೋಡೋಣ ಅನ್ನದೆ ಕೆಳಗೆ ಇಳಿಯಬೇಕು ಅಂತ ವೈದ್ಯರು ಹೇಳಿದರು. ಹಿಮಪಾತಕ್ಕೆ ರಸ್ತೆ ಈಗಲೂ ಆಗಾಗ ಮುಚ್ಚುತ್ತದೆ, ವಾಪಸ್ ಟಿಕೆಟ್‌ಗೆ ನಾಲ್ಕು ದಿನ ಹೆಚ್ಚು ಇಟ್ಟುಕೊಳ್ಳಿ ಅಂತ ನಾನು ಹೇಳಿದೆ.

ಒಂದು ಕುಟುಂಬದ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದು ಇಪ್ಪತ್ತಾರು ದಿನ ಇದ್ದರು. ಬಂದ ಮೇಲೆ ಹೇಳಿದ್ದರಲ್ಲಿ ನನಗೆ ಉಳಿದದ್ದು ಸ್ವಲ್ಪ. ನೀರು ಅಲ್ಲಿ ತೊಂಬತ್ತು ಡಿಗ್ರಿ ಹತ್ತಿರವೇ ಕುದಿಯುತ್ತದೆ, ಅದಕ್ಕೇ ಕುಕ್ಕರ್ ಇಲ್ಲದೆ ಪಾತ್ರೆಯಲ್ಲಿ ಇಟ್ಟ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗೇ ಉಳಿಯುತ್ತಿತ್ತಂತೆ. ಮೂರನೇ ದಿನದಿಂದ ಕೋಣೆ ಬಿಟ್ಟು ಒಲೆ ಹತ್ತಿರವೇ ಮಲಗಿದರಂತೆ, ಮನೆಯ ಅಜ್ಜಿಯ ಪಕ್ಕ. ಇನ್ನೊಂದು ದಿನ ಬೆಳಿಗ್ಗೆ ರಾತ್ರಿಯೆಲ್ಲಾ ಬಿದ್ದ ಹಿಮ ತೆಗೆಯಲು ಮನೆಯೊಡತಿ ಇವರ ಕೈಗೂ ಒಂದು ಸಲಿಕೆ ಕೊಟ್ಟರು.

"ಆಗಲ್ಲ ದೀದಿ ಅಂದೆ ಮೇಡಂ. ತಲೆ ಸಿಡೀತಿತ್ತು, ಆದ್ರೆ ಅದನ್ನ ಹೇಳಲಿಲ್ಲ. ಅವರು ಅಚ್ಛಾ ಅಂದು, ಸಲಿಕೆ ತಗೊಂಡು ಮೇಲೆ ಹೋದ್ರು. ಅಷ್ಟೇ. ಮಧ್ಯಾಹ್ನ ಊಟಕ್ಕೆ ಕರೆದ್ರು."

ಮಾರನೇ ದಿನ ತಾವಾಗಿಯೇ ಮಾಡಿಗೆ ಹತ್ತಿದರಂತೆ.

ರಾಧಾ ಕೆಲಸ ಬಿಟ್ಟಿಲ್ಲ. ಈ ಸಲ ಡಿಸೆಂಬರ್‌ನಿಂದ ಎರಡು ತಿಂಗಳು ಹೋಗುತ್ತಾರೆ, ಆಮೇಲೆ ನೋಡುತ್ತಾರೆ. ಅಣ್ಣ ಮಾತು ಬಿಟ್ಟು ಆರು ತಿಂಗಳಾಯಿತು, ಅದು ಅವರನ್ನು ಸುಡುತ್ತಲೇ ಇದೆ, ನನ್ನನ್ನೂ ಕಾಡುತ್ತದೆ. ಅಮ್ಮನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಹೋದ ತಿಂಗಳು ಅಮ್ಮ ತಾನೂ ಬರುತ್ತೇನೆ ಅಂದರಂತೆ. ಈ ಸಲ ಬೇಡಮ್ಮ ಅಂದರಂತೆ ರಾಧಾ. ಅಮ್ಮ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ಶೇಂಗಾ ಚಟ್ನಿಪುಡಿ ಕುಟ್ಟಿ ಎರಡು ಡಬ್ಬಿಗೆ ತುಂಬಿ, ಒಂದರ ಮೇಲೆ ಚೀಟಿ ಅಂಟಿಸಿದರು, ಆ ಮನೆಯ ಅಜ್ಜಿಗೆ ಅಂತ.