ಮಗನ ಅಡ್ಡಹೆಸರು ಬದಲಿಸಲು ಅತ್ತೆ-ಮಾವನ ಸಹಿ ಬೇಕಾ?

ಪ್ರಶ್ನೆ: ಮೇಡಂ, ನನ್ನ ಗಂಡ ತೀರಿಕೊಂಡಾಗ ಮಗನಿಗೆ ವರ್ಷವೂ ತುಂಬಿರಲಿಲ್ಲ. ಈಗ ಒಂದನೇ ಕ್ಲಾಸು. ಹೋದ ವರ್ಷ ನಾನು ಮರುಮದುವೆಯಾದೆ. ಮಗನಿಗೆ ಈಗಿನ ಯಜಮಾನರ ಅಡ್ಡಹೆಸರೇ ಇರಲಿ ಅಂತ ನಾವಿಬ್ಬರೂ ಅಂದುಕೊಂಡಿದ್ದೇವೆ. ಆದರೆ ಮೊದಲಿನ ಅತ್ತೆ-ಮಾವ, 'ನಮ್ಮ ಮನೆತನದ ಹೆಸರು ತೆಗೆದರೆ ಹೊಲದಲ್ಲಿ ಪಾಲಿಲ್ಲ, ಕೋರ್ಟಿಗೆ ಹೋಗ್ತೀವಿ' ಅಂತಿದ್ದಾರೆ. ಅವರ ಒಪ್ಪಿಗೆ ಬೇಕಾ? ದತ್ತು ಮಾಡಿಸಿಬಿಡಿ ಅಂತಲೂ ಕೆಲವರು ಹೇಳುತ್ತಾರೆ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಬೇಡ. ಅವರ ಸಹಿಯೂ ಬೇಡ, ಒಪ್ಪಿಗೆಯೂ ಬೇಡ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಪ್ರಕಾರ ತಂದೆ ಇಲ್ಲದ ಮೇಲೆ ಮಗುವಿನ ಸಹಜ ಪೋಷಕಿ ತಾಯಿ. ಮರುಮದುವೆಯಾದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.

ನಿಮ್ಮಂಥದ್ದೇ ಕೇಸು ಆಂಧ್ರದಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಲ್ಲೂ ಗಂಡ ತೀರಿಕೊಂಡಾಗ ಮಗು ಕೈಗೂಸು, ತಾಯಿಗೆ ಮರುಮದುವೆ, ಅಜ್ಜ-ಅಜ್ಜಿಯ ತಕರಾರು. ಹಳೆಯ ಅಡ್ಡಹೆಸರನ್ನೇ ವಾಪಸ್ ಹಾಕಿ, ದಾಖಲೆಯಲ್ಲಿ ಎರಡನೇ ಗಂಡನನ್ನು 'ಮಲತಂದೆ' ಅಂತ ತೋರಿಸಿ ಅಂತ ಹೈಕೋರ್ಟ್ ಹೇಳಿತ್ತು. 2022ರ ಜುಲೈ 28ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಡ್ಡಹೆಸರು ಯಾವುದು ಅಂತ ತೀರ್ಮಾನಿಸುವುದು ತಾಯಿಗೆ ಬಿಟ್ಟದ್ದು, 'ಮಲತಂದೆ' ಅಂತ ಬರೆಸುವುದು ಮಗುವಿನ ಮನಸ್ಸಿಗೆ ಕ್ರೂರ ಅಂತ ಹೇಳಿತು. ನಿಮ್ಮ ಮಾವ ವಕೀಲರ ನೋಟಿಸ್ ಕಳಿಸಿದರೆ ಉತ್ತರದಲ್ಲಿ ಈ ತೀರ್ಪನ್ನು ಹಾಕಿಸಿ.

ಇನ್ನು ಹೊಲದ ಮಾತು. ಅದು ಸುಮ್ನೆ ಹೆದರಿಸುವುದು. ಪಾಲು ಬರುವುದು ಹುಟ್ಟಿನಿಂದ, ಅಡ್ಡಹೆಸರಿನಿಂದಲ್ಲ. ತೀರಿಕೊಂಡವರು ವಿಲ್ ಬರೆದಿಲ್ಲ ಅಂದರೆ ಅವರ ಸ್ವಂತ ಆಸ್ತಿಯಲ್ಲಿ ಮಗನಿಗೆ, ನಿಮಗೆ, ಅವರ ತಾಯಿಗೆ ಸಮಪಾಲು. ಮಾವನಿಗೆ ಈ ಸಾಲಿನಲ್ಲಿ ಜಾಗವಿಲ್ಲ!

ಆದರೆ ದತ್ತು ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ದತ್ತು ಕೊಟ್ಟರೆ ಹುಟ್ಟಿದ ಮನೆಯ ಸಂಬಂಧ ಕಾನೂನಿನ ಕಣ್ಣಲ್ಲಿ ಕಡಿದಂತೆ. ತಂದೆಯಿಂದ ಈಗಾಗಲೇ ಮಗನಿಗೆ ಬಂದಿರುವ ಪಾಲು ಅವನದ್ದೇ, ಅದು ಹೋಗುವುದಿಲ್ಲ. ಆದರೆ ನಾಳೆ ಅಜ್ಜ ವಿಲ್ ಬರೆಯದೆ ತೀರಿಕೊಂಡರೆ, ಅವರ ಹೆಸರಿನ ಹೊಲದಲ್ಲಿ 'ನಾನು ಮೊಮ್ಮಗ' ಅಂತ ಪಾಲು ಕೇಳುವ ದಾರಿ ಮುಚ್ಚಿಹೋಗುತ್ತದೆ. ಈ ಲೆಕ್ಕವನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ, ಅಲ್ವಾ? ಬರೀ ಅಡ್ಡಹೆಸರಿಗೋಸ್ಕರ ದತ್ತು ಬೇಕಿಲ್ಲ. ಯಜಮಾನರ ಆಸ್ತಿಗೆ ಮಗ ವಾರಸುದಾರನಾಗಲಿ ಅನ್ನುವ ಆಸೆ ಇಬ್ಬರಿಗೂ ಇದ್ದರೆ ಆಗ ಕೂತು ಯೋಚಿಸಿ, ಮಾಡಿಸುವುದಾದರೆ ದತ್ತು ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ.

ಕಾಗದದ ಕೆಲಸ ಹೀಗೆ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ: ಹಳೆ ಹೆಸರು, ಹೊಸ ಹೆಸರು, ಕಾರಣ. ಪೋಷಕರ ಜಾಗದಲ್ಲಿ ನೀವೇ ಸಹಿ ಹಾಕಬೇಕು, ಯಾಕೆಂದರೆ ಮಲತಂದೆ ಕಾನೂನಿನ ಪ್ರಕಾರ ಸಹಜ ಪೋಷಕರಲ್ಲ. ಎಷ್ಟೋ ಅರ್ಜಿ ಇಲ್ಲೇ ವಾಪಸ್ ಬರುತ್ತವೆ. ಆಮೇಲೆ ಪೇಪರಿನಲ್ಲಿ, ಗೆಜೆಟ್‌ನಲ್ಲಿ (ಸರ್ಕಾರದ ರಾಜ್ಯಪತ್ರ) ಪ್ರಕಟಣೆ. ಜೊತೆಗೆ ಮೊದಲ ಪತಿಯ ಮರಣ ಪ್ರಮಾಣಪತ್ರ, ಈಗಿನ ಮದುವೆಯ ನೋಂದಣಿ ಪತ್ರ ಇಟ್ಟು ಶಾಲೆಗೆ ಅರ್ಜಿ ಕೊಡಿ. ಹೆಡ್‌ಮಾಸ್ಟರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಡೆ ಕೈ ತೋರಿಸಬಹುದು, ಬೇಜಾರಾಗಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಇರುವುದು ಎರಡೇ ಅವಕಾಶ, ಸ್ಪೆಲಿಂಗ್ ತೀರ್ಮಾನ ಮಾಡಿಕೊಂಡೇ ಹೋಗಿ.

ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಹಾಗೇ ಇರಲಿ, ಹುಟ್ಟಿಸಿದವರು ಅವರೇ ತಾನೇ. ಮಗುವಿನ ಹೆಸರು ಬದಲಿಸಲು 1969ರ ಜನನ-ಮರಣ ನೋಂದಣಿ ಕಾಯ್ದೆಯಲ್ಲಿ ನೇರ ದಾರಿ ಇಲ್ಲ, ಇರುವುದು ತಪ್ಪು ತಿದ್ದುವುದಕ್ಕೆ ಮಾತ್ರ. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟ್, ಕಾಯ್ದೆಗೆ ತಿದ್ದುಪಡಿ ಆಗುವವರೆಗೆ ಪೋಷಕರಿಂದ ಅಫಿಡವಿಟ್ ಪಡೆದು ಹಳೆ ಹೆಸರಿನ ಜೊತೆಗೇ ಹೊಸ ಹೆಸರನ್ನೂ ದಾಖಲಿಸಿ ಅಂತ ಹೇಳಿದೆ. ಪಾಲಿಕೆಯಲ್ಲಿ 'ಆಗಲ್ಲ' ಅಂದರೆ ಆ ಆದೇಶದ ಪ್ರತಿ ತೋರಿಸಿ.

ಪ್ರಶ್ನೆ: ಅಪ್ಪ ಹೋದ ಮೇಲೆ ಅಮ್ಮನೇ ಸಾಕಿದ್ದು. ನನಗೀಗ 19. ಅಪ್ಪನ ಇನಿಶಿಯಲ್ ಬಿಟ್ಟು ಅಮ್ಮನ ಹೆಸರು ಸೇರಿಸಿಕೊಳ್ಳಬಹುದಾ?
— ಓದುಗ, ಮಂಡ್ಯ

ಉತ್ತರ: ಖಂಡಿತ. 18 ತುಂಬಿದೆ, ಅರ್ಜಿ ನಿಮ್ಮದೇ, ಯಾರನ್ನೂ ಕೇಳಬೇಕಿಲ್ಲ. ತಲೆನೋವು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯದ್ದು. ಅದರಲ್ಲಿ ತಪ್ಪಾಗಿದ್ದರೆ ತಿದ್ದಿಸಬಹುದು, ಇಷ್ಟಪಟ್ಟು ಇಟ್ಟುಕೊಂಡ ಹೊಸ ಹೆಸರು ಹಾಕಿಸುವುದು ಕಷ್ಟ. ಹಾಗಾಗಿ ಗೆಜೆಟ್ ಪ್ರತಿಯನ್ನು ಅಂಕಪಟ್ಟಿಯ ಜೊತೆಗೇ ಇಟ್ಟುಕೊಳ್ಳಿ, ಕೆಲಸಕ್ಕೆ ಸೇರುವಾಗ ಎರಡನ್ನೂ ಕೇಳುತ್ತಾರೆ.