ಹಂಚೋ ತಾರಸಿಯೋ ಎಂದು ಕೇಳಿದ್ದೀರಿ. ಮೊದಲು ಸೂರು ನೋಡಿ

ಬೈಂದೂರು ಕಡೆ ಕಡಲತಡಿಯಲ್ಲಿ ಅಜ್ಜನ ಹಂಚಿನ ಮನೆ ಇದೆ, ಅದನ್ನು ಕೆಡವಿ ಕಾಂಕ್ರೀಟಿನ ಇಳಿಜಾರು ತಾರಸಿ ಹಾಕಿ ಮೇಲೆ ಹಂಚು ಅಂಟಿಸಿದರೆ ‘ಪಾರಂಪರಿಕ ನೋಟ’ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ನೋಟದ ಬೆನ್ನು ಹತ್ತಿದ್ದೆ.

ನಮ್ಮ ಮನೆ ಮರವಂತೆಯಿಂದ ತುಸು ಉತ್ತರಕ್ಕೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಾಡಿನ ಕೆಳಗೆ ಮರದ ಹಲಗೆಯ ಮುಚ್ಚಿಗೆ, ಮೇಲೆ ಮಂಗಳೂರು ಹಂಚು. ಅಪ್ಪ ತೀರಿಕೊಂಡ ಮೇಲೆ ದುರಸ್ತಿ ನನ್ನ ಹೆಗಲಿಗೆ ಬಂತು. ಕೆಡವುವ ಯೋಚನೆ ಇರಲಿಲ್ಲ. ಆದರೆ ಪಶ್ಚಿಮದ ಸೂರು, ಅಂದರೆ ಗೋಡೆ ದಾಟಿ ಹೊರಚಾಚಿದ ಮಾಡಿನ ತುದಿ, ಕಣ್ಣಿಗೆ ಚುಚ್ಚುತ್ತಿತ್ತು. ಗೋಡೆಯಿಂದ 4 ಅಡಿ ಹೊರಚಾಚಿ, ನೆಲದಿಂದ ಬರೀ ಐದೂವರೆ ಅಡಿಯವರೆಗೆ ಇಳಿದುಬಿಟ್ಟಿತ್ತು. ಊರಿಗೆ ಬಂದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದೆ. ಆ ಕಡೆಯ ಕೋಣೆಗೆ ಹಗಲಲ್ಲೂ ದೀಪ ಬೇಕಿತ್ತು. ಕಡಲ ಪಕ್ಕ ಮನೆ ಇಟ್ಟುಕೊಂಡು ಕಿಟಕಿಯಿಂದ ಕಡಲು ಕಾಣದಿದ್ದರೆ ಹೇಗೆ ಎಂದರು ಎಂಜಿನಿಯರ್. ನನಗೂ ಹೌದೆನಿಸಿತು. ಎರಡೂವರೆ ಅಡಿ ಕೊಯ್ಯಿಸಿದೆ. ನಮ್ಮ ಹಳೆಯ ಬಡಗಿ ಪಕ್ಕಾಸಿಗೆ (ಮಾಡು ಹೊತ್ತ ಓರೆ ಮರಕ್ಕೆ) ಗರಗಸ ಇಡುವ ಮೊದಲೊಮ್ಮೆ, ಅರ್ಧ ಕೊಯ್ದ ಮೇಲೊಮ್ಮೆ, “ಒಂದು ಮಳೆಗಾಲ ನೋಡಿ ಮಾಡುವ” ಎಂದರು. ನಾನು ಕೇಳಲಿಲ್ಲ.

ಮುಂದಿನ ಲೆಕ್ಕವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಮನೆಯವರು ಎದ್ದು ಹೋಗುತ್ತಾರೆ. ನೀವಾದರೂ ಓದಿ. ನಮ್ಮ ಕಡೆ ಮಳೆ ಮೇಲಿಂದ ಬೀಳುವುದಕ್ಕಿಂತ ಕಡಲ ಕಡೆಯಿಂದ ಬೀಸುವುದೇ ಹೆಚ್ಚು. ಗಾಳಿ ಜೋರಾದಾಗ 45 ಡಿಗ್ರಿ ಓರೆ ಎಂದಿಟ್ಟುಕೊಳ್ಳಿ. ಸೂರಿನ ಅಂಚು ದಾಟಿದ ಹನಿ ಎಷ್ಟು ಅಡಿ ಒಳಕ್ಕೆ ಬರುತ್ತದೋ ಅಷ್ಟೇ ಅಡಿ ಕೆಳಕ್ಕೂ ಇಳಿದಿರುತ್ತದೆ. ಐದೂವರೆ ಅಡಿ ಎತ್ತರದ ಅಂಚಿನಿಂದ ಹೊರಟು 4 ಅಡಿ ಆಚೆಯ ಗೋಡೆ ಮುಟ್ಟುವಾಗ ಅದು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿರುತ್ತದೆ. ನಮ್ಮ ಮನೆಯ ಪಂಚಾಂಗದ (ಗೋಡೆ ಕೂತಿರುವ ಅಡಿಗಟ್ಟಿನ) ಎತ್ತರವೂ ಸರಿಯಾಗಿ ಒಂದೂವರೆ ಅಡಿ, ಅದೂ ಶಿಲೆಕಲ್ಲಿನದು. ಎಷ್ಟು ನೆನೆದರೂ ಅದಕ್ಕೇನೂ ಆಗುವುದಿಲ್ಲ. ಕಟ್ಟಿದವರು ಕಾಗದದ ಮೇಲೆ ಗೆರೆ ಎಳೆದಿರಲಾರರು, ಆದರೆ ಲೆಕ್ಕ ತಪ್ಪಿರಲಿಲ್ಲ.

ಕೊಯ್ದ ಮೇಲೆ ಏನಾಯಿತು ನೋಡಿ. ಚಾಚು ಒಂದೂವರೆ ಅಡಿಗೆ ಬಂತು. ಮಾಡು ಇಳಿಜಾರು, ಆದ್ದರಿಂದ ತುದಿ ಹೋದಷ್ಟೂ ಅಂಚು ಮೇಲಕ್ಕೆ ಹೋಗುತ್ತದೆ; ಅದು ಸುಮಾರು 7 ಅಡಿಗೆ ಏರಿತು. ಈಗ ಅದೇ ಹನಿ ಗೋಡೆಗೆ ಬಡಿಯುವುದು ಐದೂವರೆ ಅಡಿ ಎತ್ತರದಲ್ಲಿ. ನಾನು ಕೊಯ್ದದ್ದು ಎರಡೂವರೆ ಅಡಿ, ಮಳೆಯ ಬಾಯಿಗೆ ಸಿಕ್ಕ ಮುರಕಲ್ಲು ನಾಲ್ಕು ಅಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಬಡಿಯಿತು.

ಮೊದಲ ವರ್ಷವೇ ಒಳಗೋಡೆ ಬೆವರಿತು. ಸೂರಿನ ಮೇಲೆ ಅನುಮಾನ ಬರಲಿಲ್ಲ, ಗೋಡೆ ಹಳೆಯದಾಯಿತು ಎಂದುಕೊಂಡು ಹೊರಗಿನ ಸುಣ್ಣದ ಗಾರೆ ಕೆರೆಸಿ ಸಿಮೆಂಟ್ ಬಳಿಸಿದೆ, ಮೇಲೆ ನೀರು ನಿಲ್ಲಿಸುವ ಬಣ್ಣ. ಮುರಕಲ್ಲು ತೂತುತೂತಾದ ಕಲ್ಲು. ನೀರು ಕುಡಿಯುತ್ತದೆ, ಒಣಹವೆ ಬಂದಾಗ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ, ಸಿಮೆಂಟ್ ಬರುತ್ತದೆ. ಸಣ್ಣ ಬಿರುಕುಗಳಲ್ಲಿ ಹೊಕ್ಕ ನೀರು ಹೊರಬರಲಾಗದೆ ಕೂತಿತು, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿತು. ಮೂರನೇ ವರ್ಷ ಸಿಮೆಂಟ್ ಹಪ್ಪಳದಂತೆ ಎದ್ದು, ಕಲ್ಲಿನ ಸಿಪ್ಪೆಯನ್ನೂ ಕಿತ್ತುಕೊಂಡು ಬಿತ್ತು. ಗೋಡೆಯೊಳಗೆ ಹೊಕ್ಕಿದ್ದ ತೊಲೆಗಳ ತುದಿಗೆ ಗೆದ್ದಲು ಹಿಡಿದಿತ್ತು. ಸೂರನ್ನು ಮೊದಲಿನ ಉದ್ದಕ್ಕೆ ತಂದು, ಎರಡು ತೊಲೆ ಬದಲಿಸಿ, ಮತ್ತೆ ಸುಣ್ಣದ ಗಾರೆ ಹಾಕಿಸುವಷ್ಟರಲ್ಲಿ ಮೊದಲ ದುರಸ್ತಿಯ ಎರಡರಷ್ಟು ಖರ್ಚಾಗಿತ್ತು. ಅದೇ ಬಡಗಿಯನ್ನೇ ಕರೆದೆ. ಅವರು ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹಂಚನ್ನೇ ಪರಂಪರೆ ಎಂದುಕೊಂಡಿದ್ದೀರಿ. ಮಂಗಳೂರು ಹಂಚು ಬಂದದ್ದೇ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಕಾರ್ಖಾನೆ ತೆರೆದ ಮೇಲೆ. ಅದಕ್ಕೆ ಮೊದಲು ಹುಲ್ಲು, ಸೋಗೆ, ನಾಡಹಂಚು ಇದ್ದವು. ಹೊದಿಕೆ ಬದಲಾಯಿತು, ತಗ್ಗಿದ ಉದ್ದ ಸೂರು ಬದಲಾಗಲಿಲ್ಲ. ಹಳೆಯ ಮನೆಗಳನ್ನು ತಂದು ನಿಲ್ಲಿಸಿರುವ ಮಣಿಪಾಲದ ಪಾರಂಪರಿಕ ಗ್ರಾಮಕ್ಕೆ ಹೋದರೆ ಎಲ್ಲರೂ ಕೆತ್ತನೆಯ ಕಂಬ ನೋಡುತ್ತ ನಿಲ್ಲುತ್ತಾರೆ. ನೀವು ಅಳತೆಪಟ್ಟಿ ಹಿಡಿದು ಸೂರಿನ ಕೆಳಗೆ ನಿಲ್ಲಿ.

ತಾರಸಿಯ ಮೇಲೆ ಅಂಟಿಸಿದ ಹಂಚು ವೇಷ ಅಷ್ಟೇ. ಹಂಚಿನ ಮಾಡು ಸಂದುಗಳಲ್ಲಿ ಬಿಸಿಗಾಳಿ ಬಿಡುತ್ತದೆ. ತಾರಸಿ ಹಗಲಿನ ಕಾವನ್ನು ರಾತ್ರಿ ನಿಮ್ಮ ಮೇಲೆ ಇಳಿಸುತ್ತದೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟ್ ಒಡೆದು ಉದುರುತ್ತದೆ. ಹಂಚು ಒಡೆದರೆ ಒಂದು ಹಂಚು ಬದಲಿಸಿದರೆ ಮುಗಿಯಿತು.

ಇನ್ನೊಂದು ಮಾತು, ಕೆಡವುವ ಮೊದಲೇ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಗ್ರಾಮೀಣ ಭಾಗದಲ್ಲಿ ಜನ ವಿರಳವಾಗಿರುವೆಡೆ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ, ದಟ್ಟವಾಗಿರುವೆಡೆ 50 ಮೀಟರ್‌ವರೆಗೆ ಅಭಿವೃದ್ಧಿ ನಿಷಿದ್ಧ ವಲಯ. ಅದರೊಳಗೆ ಅಧಿಕೃತವಾದ ಹಳೆಯ ಮನೆಯ ದುರಸ್ತಿಗೋ ಮರುನಿರ್ಮಾಣಕ್ಕೋ ಅವಕಾಶವಿದೆ, ಅದೂ ಇದ್ದ ಪಂಚಾಂಗದ ವಿಸ್ತೀರ್ಣ ಮೀರದಂತೆ. ಅಜ್ಜನ ಮನೆಗೆ ದಾಖಲೆ ಇಲ್ಲದಿದ್ದರೆ, ಕೆಡವಿದ ಮರುದಿನ ನಿಮ್ಮ ಬಳಿ ಉಳಿಯುವುದು ತೆಂಗಿನ ತೋಟ ಮಾತ್ರ.

ಪಶ್ಚಿಮದ ಕೋಣೆಯ ಕತ್ತಲೆಗೂ ದಾರಿ ಇದೆ. ಮಾಡಿನ ಮೇಲ್ಭಾಗದಲ್ಲಿ ನಾಲ್ಕು ಗಾಜಿನ ಹಂಚು ಹಾಕಿಸಿ, ಅದರ ಕೆಳಗೆ ಮುಚ್ಚಿಗೆಯ ಎರಡು ಹಲಗೆ ತೆಗೆಸಿದೆ, ಸಾಕಾಯಿತು. ಹಣೆ ಈಗಲೂ ತಾಗುತ್ತದೆ.

ಈ ವರ್ಷ ಏನೂ ಕಟ್ಟಬೇಡಿ. ಜುಲೈಯಲ್ಲಿ ಗಾಳಿಮಳೆ ಜೋರಿರುವ ದಿನ ಊರಿಗೆ ಹೋಗಿ, ಪಶ್ಚಿಮದ ಗೋಡೆ ಎಲ್ಲಿಯವರೆಗೆ ನೆನೆದಿದೆ ಎಂದು ಇದ್ದಿಲಿನಿಂದ ಗೆರೆ ಎಳೆದು ಫೋಟೋ ತೆಗೆಯಿರಿ. ಎಂಜಿನಿಯರ್ ಬಳಿ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.